ಚಿಲಕ ಹಾಕಿದ ಕಸದ ಡಬ್ಬಿ

ಪಟ್ಟಣದ ನೈರ್ಮಲ್ಯಾಧಿಕಾರಿಗಳಿಗೆ,

ಮಾನ್ಯರೇ, ನಮ್ಮ ಮನೆಯ ಕಸ ಕರಡಿಯ ಪಾಲಾಗಿದೆ, ಇನ್ನು ನಾವು ಆಗುವುದೊಂದು ಬಾಕಿ. ಇದಕ್ಕೆ ಕಾರಣ ಕರಡಿಯಲ್ಲ, ನೀವು.

‘ಕಸವನ್ನು ಕರಡಿಗೆ ಸಿಗದಂತೆ ಭದ್ರವಾಗಿಡಿ’ ಎಂದು ಬೀದಿಯ ಕಂಬಕಂಬಕ್ಕೂ ಫಲಕ ಹಾಕಿಸಿದ್ದೀರಿ. ಕರಡಿಯ ಚಿತ್ರ ಬಹಳ ಮುದ್ದಾಗಿದೆ. ಅದನ್ನು ಓದಿ, ಬಡಗಿಯಾದ ನನ್ನ ಮೈದುನ ನಮ್ಮ ಕಸದ ಡಬ್ಬಿಗೆ ಕಬ್ಬಿಣದ ಚಿಲಕ ಕೂರಿಸಿಕೊಟ್ಟ. ಕರಡಿ ಬಂತು, ಡಬ್ಬಿ ಉರುಳಿಸಿತು, ಅದರ ಮೇಲೆ ಕೂತೂ ನೋಡಿತು, ಬೇಸತ್ತು ಹೋಯಿತು. ಮರುದಿನ ನಿಮ್ಮ ಲಾರಿ ಬಂತು. ಅದರ ಯಂತ್ರದ ಕೈಯೂ ಡಬ್ಬಿಯನ್ನು ಎತ್ತಿತು, ಮಗುಚಿತು, ಚಿಲಕ ತೆರೆಯಲಾರದೆ ಹಾಗೇ ಕೆಳಗಿಟ್ಟಿತು.

“ಅಣ್ಣಾ, ಸ್ವಲ್ಪ ಇಳಿದು ಚಿಲಕ ತೆಗೀರಿ” ಎಂದು ಡ್ರೈವರನ್ನು ಬೇಡಿಕೊಂಡೆ.

“ಇಳಿಯೋ ಹಾಗಿಲ್ಲ ಅಕ್ಕಾ. ಮುಚ್ಚಳ ಸಡಿಲ ಇದ್ರೆ ಮಾತ್ರ ಎತ್ತಬೇಕು ಅಂತ ಸಾಹೇಬ್ರ ಆರ್ಡರ್.”

“ಸಡಿಲ ಇದ್ರೆ ಕರಡಿ ಬರುತ್ತಲ್ಲ?”

“ಅದು ನಮ್ಮ ಡ್ಯೂಟಿ ಅಲ್ಲ.”

ಲಾರಿ ಬರುವ ಹೊತ್ತಿಗೆ ನಾನೇ ಚಿಲಕ ತೆಗೆದಿಡಬಹುದಲ್ಲ ಎನ್ನುತ್ತೀರಿ. ಬರುವ ಹೊತ್ತು ಯಾವುದು ಸ್ವಾಮಿ? ನಿಮಗಾದರೂ ಗೊತ್ತೇ? ಬೇರೆ ದಾರಿ ಕಾಣದೆ ಮೀನಿನ ತಲೆಗಳನ್ನು ಫ್ರಿಜ್ಜಿನಲ್ಲೂ ಉಳಿದ ಕಸವನ್ನು ಅಡುಗೆಮನೆಯ ಮೂಲೆಯಲ್ಲೂ ಇಟ್ಟುಕೊಂಡೆವು. ಮಗಳು ಐಸ್ ತೆಗೆಯಲು ಹೋಗಿ ಕಿರುಚಿಕೊಂಡಿದ್ದು ಬೀದಿಗೆಲ್ಲ ಕೇಳಿಸಿತು.

ಕಳೆದ ವಾರ ಸಂಜೆ ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದೆ. ನಮ್ಮತ್ತೆಗೆ ಕಣ್ಣು ಅಷ್ಟಕ್ಕಷ್ಟೆ. ಆದರೂ ಬೇಕರಿ ಕೆಲಸ ಮುಗಿಸಿ ಬರುವ ಮಗನಿಗೆ, ಅಂದರೆ ನಮ್ಮ ಯಜಮಾನರಿಗೆ, ಹಿತ್ತಿಲ ಬಾಗಿಲು ತೆಗೆಯುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುವುದಿಲ್ಲ. ಬಾಗಿಲು ಕೆರೆದ ಸದ್ದಾಯಿತಂತೆ. “ಬಂದ್ಯೇನೋ? ಕಾಲೊರೆಸ್ಕೊಂಡು ಬಾ” ಎಂದು ತೆಗೆದರು. ಕರಡಿ ಕಾಲೊರೆಸಲಿಲ್ಲ. ಅವರನ್ನು ಬದಿಗೆ ತಳ್ಳಿ ಕಸದ ಚೀಲಕ್ಕೆ ಬಾಯಿ ಹಾಕಿತು. ನಾನು ಓಡಿಬಂದಾಗ ಅತ್ತೆ ಒಲೆಯ ಪಕ್ಕ ಬಿದ್ದುಕೊಂಡು, “ಇಷ್ಟೊಂದು ಹಸಿವಾಯ್ತಾ ಮಗಾ?” ಎಂದು ಕೇಳುತ್ತಿದ್ದರು. ರಟ್ಟೆ ಹಿಡಿದು ಎಳೆದುಕೊಂಡು ಬಂದು ಕೋಣೆಯ ಬಾಗಿಲು ಹಾಕಿಕೊಂಡೆ. ಕರಡಿ ಚೀಲ ಬರಿದು ಮಾಡಿ, ಬಂದ ಬಾಗಿಲಿನಿಂದಲೇ ಹೋಯಿತು.

ದೂರು ಹೇಳಲು ನಿಮ್ಮ ಕಚೇರಿಗೆ ಬಂದೆ. “ಕಸ ಮನೆಯೊಳಗೆ ಇಟ್ಕೊಂಡಿದ್ದು ನಿಮ್ಮ ತಪ್ಪಲ್ವೇನಮ್ಮ?” ಎಂದರು ನಿಮ್ಮ ಗುಮಾಸ್ತರು. ಹೊರಗಿಟ್ಟರೆ ತಪ್ಪು, ಒಳಗಿಟ್ಟರೆ ತಪ್ಪು, ಚಿಲಕ ಹಾಕಿದರೆ ಮಹಾಪರಾಧ. ಕಸವನ್ನು ನಾವು ತಿಂದು ಮುಗಿಸಬೇಕೇ?

ನಾನು ಹೊಸ ಡಬ್ಬಿ ಕೇಳುತ್ತಿಲ್ಲ, ಪರಿಹಾರ ಕೇಳುತ್ತಿಲ್ಲ. ಲಾರಿಯಿಂದ ಒಬ್ಬರು ಇಳಿದು ಚಿಲಕ ತೆಗೆಯಲಿ ಎಂದು ಆದೇಶ ಕೊಡಿ. ಇವತ್ತೇ ಕೊಡಿ, ಕೈ ಮುಗಿಯುತ್ತೇನೆ. ಕರಡಿ ಈಗ ದಿನಾ ಸಂಜೆ ಬಂದು ಅದೇ ಬಾಗಿಲು ಕೆರೆಯುತ್ತಿದೆ. ತೆಗೆಯಬೇಡಿ ಎಂದು ಅತ್ತೆಯ ಕಾಲು ಹಿಡಿದೆವು. ಅವರದು ಒಂದೇ ಮಾತು: “ಹೊರಗೆ ಕರಡಿ ಇದೆ ಅಂತೀರಿ. ಬಂದಿರೋನು ನನ್ನ ಮಗ ಆಗಿದ್ರೆ, ಅವನನ್ನ ಅಲ್ಲೇ ನಿಲ್ಲಿಸ್ಲಾ?”

ಇಂತಿ,
ನಿಮ್ಮ ಆದೇಶ ಬರುವವರೆಗೆ ಡಬ್ಬಿಯ ಚಿಲಕವನ್ನು ಬಿಚ್ಚಿ
ಅತ್ತೆಯ ಕೋಣೆಗೆ ಹೊರಗಿನಿಂದ ಹಾಕಿರುವ
ಒಬ್ಬ ಸೊಸೆ