ಆನೆಕಲ್ಲಿನ ಬುಡದಲ್ಲಿ ಹೇಳಿದ ಏಕಾದಶಿ

ಶಕ ೨೧೧೨, ಮಾಘ ಶುದ್ಧ ಏಕಾದಶಿ. ನಿಮ್ಮ ಲೆಕ್ಕದಲ್ಲಿ ಇಸವಿ ೨೧೯೧.

ಓದು ಮುಗಿದ ದಿನ ಆನೆಕಲ್ಲಿನ ಬುಡದಲ್ಲಿ, ಮರಳಿನ ಮೇಲೆ ಕೂತಿರುವ ಮಕ್ಕಳಿಗೆ ಮೂಕಾಂಬು ಮಾಡುವ ಆಶೀರ್ವಾದ.

ಇಂದು ನನಗೆ ಉಪವಾಸ. ಬೆಳಿಗ್ಗೆ ಮಂಜುಬಲೆ ಹಿಂಡಿ ಎರಡು ಕೊಡ ತುಂಬಿಸಿದೆ. ಕುಡಿಯುವ ನೀರನ್ನು ನಾವು ಹೀಗೆ ಗಾಳಿಗೆ ಬಲೆಯೊಡ್ಡಿ ಹಿಡಿಯುತ್ತೇವೆ. ತುಳಸಿಯ ಎಲೆಗೆ ಕೂತ ಉಪ್ಪು ತೊಳೆದು, ದೀಪ ಹಚ್ಚಿ, ಈಗ ಬರೆಯಲು ಕೂತೆ. ಊರ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು ನಾನು. ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತದೆ. ಅದು ನೂರು ವರ್ಷಕ್ಕಿಂತ ಹಿಂದಿನವರಿಗೆ ಮಾತ್ರ ಓಲೆ ಒಯ್ಯುತ್ತದೆ. ನಮ್ಮ ಹಳೆಯ ದಿನಗಳಿಗೆ ನಾವೇ ಬರೆದು ತಿದ್ದಿಕೊಳ್ಳುವಂತಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನೀವು ಒರಗಿಕೊಳ್ಳುವ ಆ ಕಲ್ಲು ಈಗ ಕಡಲ ನಡುವೆ ಇದೆ, ಬೆನ್ನು ಮಾತ್ರ ಕಾಣುತ್ತದೆ. ನಾನು ಹದಿಮೂರರವಳಿದ್ದಾಗ ಅಲ್ಲಿ ಎರಡು ಚಾಪೆಯಗಲ ಮರಳು ಉಳಿದಿತ್ತು. ಶಾಲೆಯ ಕೊನೆಯ ದಿನ ನಾವು ಏಳು ಜನ ಅಲ್ಲಿಗೆ ಹೋದೆವು. ಮನೆಗೊಂದು ಮುಷ್ಟಿ ಅಕ್ಕಿ ತಂದು, ಒಂದೇ ಪಾತ್ರೆಯಲ್ಲಿ ಗಂಜಿ ಬೇಯಿಸಿ, ಉಂಡು ಬೇರೆಯಾಗುವುದು ರೂಢಿ. ಪಾತ್ರೆ ತಂದವಳು ಜಲಜ, ಮೀನು ಹಿಡಿಯುವವರ ಮಗಳು, ನನ್ನ ಬೆಂಚಿನವಳು. ಆ ಪಾತ್ರೆಯಲ್ಲಿ ಮೀನು ಬೇಯಿಸಿರುತ್ತಾರೆ, ನನಗೆ ಗಂಟಲಲ್ಲಿ ಇಳಿಯದು ಎನಿಸಿತು. ಹಾಗೆನ್ನಲು ನಾಚಿಕೆಯಾಗಿ, ಇವತ್ತು ಏಕಾದಶಿ ಎಂದುಬಿಟ್ಟೆ. ಅಂದು ನಿಜವಾಗಿ ನವಮಿ.

ಅವಳ ಪಾಲು ನಂಗಿರ್ಲಿ ಎಂದು ಒಬ್ಬ ನಕ್ಕ. ಜಲಜ ನನ್ನ ಮುಖವನ್ನೇ ನೋಡಿದಳು. "ಮೊದ್ಲೇ ಹೇಳೂಕಾಯ್ಲಿಲ್ಯಾ ಮಾರಾಯ್ತಿ? ನಿನ್ನ ಅಕ್ಕಿಯೂ ಬೆಂದ್ ಹೋಯ್ತಲ್ದಾ. ಇರ್ಲಿ, ನಾಳೆ ಪಾರಣೆಗೆ ಅಗ್ಸೆ ಸೊಪ್ಪು ನಾನೇ ತತ್ತೆ" ಎಂದಳು. ಎಲ್ಲರೂ ಉಂಡರು. ನಾನು ಅಲೆ ನೋಡುತ್ತಾ ಕೂತೆ. ಮರುದಿನ ಅವಳು ಹೇಳಿದಂತೆ ಸೊಪ್ಪು ತಂದಳು. ಮುಂದಿನ ಮಳೆಗಾಲಕ್ಕೆ ಆ ಮರಳೂ ಹೋಯಿತು, ಉಳಿದ ಐವರು ಗುಡ್ಡದಾಚೆಯ ಊರುಗಳಿಗೆ ಚದುರಿದರು. ಒಟ್ಟಿಗೆ ಉಣ್ಣುವ ದಿನ ಮತ್ತೆ ಬರಲಿಲ್ಲ.

ಆಮೇಲೆ ನಾನು ಒಂದು ಏಕಾದಶಿಯನ್ನೂ ಬಿಟ್ಟಿಲ್ಲ. ಅವಳು ಒಂದು ದ್ವಾದಶಿಯನ್ನೂ ಬಿಟ್ಟಿಲ್ಲ. ದೋಣಿ ನಿಲ್ಲಿಸಿ, ನನ್ನ ಮೆಟ್ಟಿಲ ಮೇಲೆ ಸೊಪ್ಪಿನ ಕಟ್ಟು ಇಟ್ಟು ಹೋಗುತ್ತಾಳೆ. ಕಡಲಿಗೆ ಹೋಗುವವರು ನೀರಿನ ಏರಿಳಿತ ನೋಡಿಯೇ ತಿಥಿ ಹೇಳುತ್ತಾರೆಂಬುದು ನನಗೆ ಹೊಳೆದದ್ದು ಹೋದ ವರ್ಷ. ಅವಳಿಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ ತಂದಳು. ದೇವರ ಹೆಸರು ಹೇಳಿ ಅವಳ ಪಾತ್ರೆಯನ್ನು ದೂಡಿದ್ದಕ್ಕೆ ಆ ದೇವರು ಏನೆನ್ನುವನೋ ನಾನರಿಯೆ. ಅವಳೆದುರು ನಿಂತು ಹೇಳಲು ಮೂವತ್ತೇಳು ವರ್ಷ ನನಗೆ ನಾಲಿಗೆ ಏಳಲಿಲ್ಲ.

ಮಕ್ಕಳೇ, ನೀವು ಎದ್ದು ಹೊರಡುವ ಮೊದಲು ಒಬ್ಬರ ಕೈಯದನ್ನು ಒಬ್ಬರು ತಿನ್ನಿ. ಆಮೇಲೆ ನನಗೊಂದು ಉತ್ತರ ಬರೆಯಿರಿ. ಮೂಕಾಂಬು ಅಂದು ಸುಳ್ಳು ಹೇಳಿದಳು, ಅವಳಿಗೆ ಜಲಜಳ ಪಾತ್ರೆಯ ಗಂಜಿ ಬೇಕು, ಇಷ್ಟೇ ಸಾಕು. ಗಾಜಿನ ಬಾಟಲಿಯಲ್ಲಿ ಹಾಕಿ ಕಲ್ಲಿನ ಬೆನ್ನಿನ ಬಿರುಕಿನಲ್ಲಿಡಿ, ಅಲ್ಲಿಗೆ ನೀರು ಏರುವುದಿಲ್ಲ, ನಮ್ಮ ಕಾಲದವರೆಗೂ ಅದು ಅಲ್ಲೇ ಇರುತ್ತದೆ. ನಾಳೆ ಸೊಪ್ಪು ತರುವ ದಾರಿಯಲ್ಲಿ ಅದನ್ನು ತಂದುಕೊಡು ಎಂದು ಜಲಜಳಿಗೆ ಹೇಳಿಕಳಿಸಿದ್ದೇನೆ.

ಅವಳಿಗೂ ಓದು ಬರುತ್ತದೆ. ಅಕ್ಷರ ಹೊರಗೆ ಕಾಣುವಂತೆ ಇಡಿ.