ಉಳಿದ ಡಬ್ಬಿ

ಸೋಲೂರು
4 ಜೂನ್ 2007

ಇವತ್ತೂ ಎದೆಹಾಲು ಹಿಂಡಿ ಮಲ್ಲಿಗೆ ಬುಡಕ್ಕೆ ಸುರಿದೆ. ತುಳಿಯುವ ಕಡೆ ಚೆಲ್ಲಬಾರದು ಅಂತಾರೆ ಅತ್ತೆ. ಎದೆ ಕಲ್ಲಾಗಿದೆ. ಪಕ್ಕದಲ್ಲೇ ಸಿರಿ ಅಳುತ್ತಾಳೆ. ಕುಡಿಸುವ ಹಾಗಿಲ್ಲ. ಹಾಲಿನ ಪ್ರೋಟೀನು ಅವಳ ಮೈಯಲ್ಲಿ ವಿಷವಾಗುತ್ತದಂತೆ. ಗ್ಲೂಕೋಸ್ ನೀರು, ಎರಡು ಚಮಚ ಹಾಲು, ಅಷ್ಟೇ ಅಂದಿದ್ದಾರೆ ಬೆಂಗಳೂರಿನ ಡಾಕ್ಟರು, ಚೈತ್ರಾ ಮೇಡಂ.

ಅವಳ ಉಚ್ಚೆ ಬೆಲ್ಲದ ಪಾಕದ ಹಾಗೆ ಘಮ್ಮೆಂದಾಗ ಎಲ್ಲರೂ ನಕ್ಕಿದ್ದೆವು. ‘ಆಲೆಮನೇಲಿ ಹುಟ್ಬೇಕಾಗಿತ್ತು ಕಣವ್ವ ಇವ್ಳು’ ಅಂದಿದ್ದರು ಅತ್ತೆ. ಅದೇ ಕಾಯಿಲೆ.

7 ಜೂನ್

ಇಂಥ ಕಾಯಿಲೆಗೆ ಆ ಪ್ರೋಟೀನಿಲ್ಲದ ಬೇರೆಯೇ ಪೌಡರ್. ಫಾರಿನ್ನಿಂದ ಬರಬೇಕು. ಈ ಮಕ್ಕಳನ್ನು ನೋಡುವ ಡಾಕ್ಟರುಗಳದ್ದೊಂದು ಸೊಸೈಟಿ ಇದೆಯಂತೆ, ದೇಶಕ್ಕೆಲ್ಲ ಒಂದೇ. ಮೇಡಂ ಅದರ ಮೆಂಬರುಗಳಿಗೆಲ್ಲ ಇಮೇಲ್ ಹಾಕಿದ್ದಾರೆ, ಯಾರ ಹತ್ತಿರವಾದರೂ ಉಳಿದಿದೆಯಾ ಅಂತ. ನಮ್ಮ ಮನೆಯವರು ಫ್ಯಾಕ್ಟರಿಗೆ ರಜಾ ಹಾಕಿ ಫೋನಿನ ಮುಂದೆ ಕೂತಿದ್ದಾರೆ. ಇನ್ನೇನು ಮಾಡಬೇಕೋ ಇಬ್ಬರಿಗೂ ಗೊತ್ತಿಲ್ಲ.

11 ಜೂನ್

ಬಂತು. ಪುಣೆಯಿಂದ ಕೊರಿಯರ್. ಎರಡು ಡಬ್ಬಿ, ಸೀಲ್ ಒಡೆದಿಲ್ಲ. ಅಲ್ಲಿನ ಒಂದು ಮಗುವಿಗೆ ತರಿಸಿದ್ದಂತೆ, ಈಗ ಅದಕ್ಕೆ ಬೇಡವಂತೆ.

‘ವಾಸಿಯಾಗಿರ್ಬೇಕು ಕಣವ್ವ. ನಮ್ ಸಿರೀಗೂ ಆಯ್ತದೆ ಬುಡು’ ಅಂದರು ಅತ್ತೆ.

ನಾನೂ ನಂಬಿದೆ. ಸಿರಿ ಬಾಟಲಿ ಖಾಲಿ ಮಾಡಿ ಮಲಗಿದಳು. ಖುಷಿಗೆ ಅಳು ಬಂತು.

16 ಜೂನ್

ಜ್ವರ. ಕುಡಿದದ್ದೆಲ್ಲ ವಾಂತಿ. ಜ್ವರ ಬಂದರೆ ಪೌಡರ್ ಒಂದೇ ಸಾಲದು, ಈಗಲೇ ಕರ್ಕೊಂಡು ಬನ್ನಿ ಅಂದರು ಮೇಡಂ. ಇವರು ಕಾರು ಹುಡುಕಲು ಹೋಗಿದ್ದಾರೆ... ಮತ್ತೆ ಅದೇ ಪಾಕದ ವಾಸನೆ. ಅತ್ತೆ ನನ್ನ ಮುಖ ನೋಡುತ್ತಿಲ್ಲ.

9 ಜುಲೈ

ಮಲ್ಲಿಗೆ ಗಿಡದ ತುಂಬ ಹೂವು. ಸಿರಿ ಹೋದ ಮೇಲೆ ಯಾರೂ ಕೀಳುವುದಿಲ್ಲ.

ಬೆಳಿಗ್ಗೆ ಮೇಡಂ ಫೋನ್. ಕೇಳಲಾರದೆ ಕೇಳಿದರು — ಒಡೆಯದ ಇನ್ನೊಂದು ಡಬ್ಬಿ ಇದೆಯಾ ಲತಾಮಣಿ? ಹಾಸನದಲ್ಲಿ ಒಂದು ಮಗು. ಇವರು ಡಬ್ಬಿ ಒರೆಸಿ, ಸಿರಿಯ ಬಟ್ಟೆಯಲ್ಲೇ ಸುತ್ತಿದರು. ಬೇಡ ಅನ್ನಲಿಲ್ಲ ನಾನು. ಪುಣೆಯ ಆ ಮಗುವಿಗೆ ಯಾಕೆ ಬೇಡವಾಯಿತು ಅಂತ ಈಗ ಅರ್ಥವಾಯಿತು.

ಸಂಜೆ ಹಾಸನದ ತಾಯಿಯೇ ಮಾತಾಡಿದಳು. ಚಿಕ್ಕ ಹುಡುಗಿಯ ದನಿ.

‘ಅಕ್ಕಾ, ನಿಮ್ ಪಾಪೂಗೆ ಈಗ ಬೇಡ್ವಂತೆ. ವಾಸಿ ಆಯ್ತಾ?’

ಹಿಂದೆ ಮಗು ಅಳುವುದು ಕೇಳುತ್ತಿತ್ತು.

‘ಹೂಂ ಕಣವ್ವ’ ಅಂದೆ. ‘ಈಗ ನಮ್ ಸಿರಿ ಎದೆಹಾಲೇ ಕುಡೀತಾಳೆ.’