ಎಡಗಡೆ ಸೌಂಡ್ ಇಲ್ಲ

ಜೂನ್ 3, ಮಂಗಳವಾರ

ಇವತ್ತೂ ಅದೇ. ಶಟರ್ ಎತ್ತುವುದರೊಳಗೆ ಕಾಲೇಜಿನ ಹುಡುಗಿಯರು ಮೂವರು. "ಬಾಸ್ ಜೋರ್ ಇರೋದು ತೋರಸ್ರಿ." ಎಲ್ಲರಿಗೂ ಬಾಸ್ ಬೇಕು. ಹಾಡಿನ ಮಾತು ತಿಳಿಯುತ್ತದೋ ಇಲ್ಲವೋ, ಯಾರೂ ವಿಚಾರಿಸುವುದಿಲ್ಲ. ಬೈಲಹೊಂಗಲ ಬಸ್‌ಸ್ಟ್ಯಾಂಡ್ ಎದುರಿನ ಈ ಮೊಬೈಲ್ ಅಂಗಡಿಯಲ್ಲಿ ಹೆಡ್‌ಫೋನ್ ಮಾರುತ್ತ ಎರಡು ವರ್ಷ ಆಯಿತು. ಗಿರಾಕಿಯ ಕಿವಿ ನೋಡಿದರೆ ಸಾಕು, ಯಾವುದು ನಿಲ್ಲುತ್ತದೆ, ಯಾವುದು ಜಾರುತ್ತದೆ ಅಂತ ಹೇಳಬಲ್ಲೆ. ಬಿ.ಕಾಂ. ಓದಿದ್ದು ಇದಕ್ಕೆ.

ಮನೆಗೆ ಬಂದರೆ ಅವ್ವನ ಗೋಳು. ಅಪ್ಪ ಟೀವಿ ಹಚ್ಚಿದರೆ ಇಡೀ ಓಣಿಗೆ ಕೇಳುತ್ತದೆ. "ನಿಮ್ಮಪ್ಪಗ ಕಿವಿಗಿ ಹಾಕ್ಕೊಳ್ಳೋದೊಂದು ತಂದಕೊಡ, ಸ್ನೇಹಾ. ನನ್ನ ತಲಿ ಸಿಡ್ಯಾಕ ಹತ್ತೈತಿ." ನೋಡಬೇಕು.

ಜೂನ್ 5, ಗುರುವಾರ

ಸಣ್ಣ ಇಯರ್‌ಬಡ್ ಅಪ್ಪನಿಗೆ ಆಗದು — ಒಂದು ವಾರದಲ್ಲಿ ಕಳೆಯುತ್ತಾನೆ. ಕೊರಳಿಗೆ ಹಾಕುವ ನೆಕ್‌ಬ್ಯಾಂಡ್ ಕಂಡರೆ ಆಗದು. ಕೊನೆಗೆ ಕಿವಿ ಪೂರ್ತಿ ಮುಚ್ಚುವ, ಮೆತ್ತನೆಯ ಗಾದಿ ಇರುವ ದೊಡ್ಡದನ್ನೇ ಆರಿಸಿದೆ. ಶಾಲೆ ಬಸ್ಸಿನ ಡ್ಯೂಟಿ ಮುಗಿಸಿ ಬಂದವನು ಖಾಕಿ ತೆಗೆಯದೆ ಹಾಕಿಕೊಂಡು ಕೂತ. ವಿಮಾನ ಹಾರಿಸುವವನ ಗತ್ತು. ಅವ್ವ ನಕ್ಕಳು.

ಎರಡೇ ನಿಮಿಷ. "ಎಡಕ್ಕ ಸೌಂಡ್ ಬರವಲ್ದು. ಡಿಫೆಕ್ಟ್ ಪೀಸ್ ಕೊಟ್ಟು ಕಳಸ್ಯಾನ ನಿಮ್ಮ ಗುರುನಾಥ." ಪಾಪ, ನಮ್ಮ ಮಾಲೀಕರು. ನಾಳೆ ಬದಲಿಸಿ ತರುತ್ತೇನೆ.

ಜೂನ್ 7, ಶನಿವಾರ

ಎರಡನೆಯದಕ್ಕೂ ಅದೇ ಮಾತು. "ಇದೂ ಡಿಫೆಕ್ಟ್."

ನಾನು ಹಾಕಿ ನೋಡಿದೆ. ಎರಡೂ ಕಡೆ ಚೊಕ್ಕವಾಗಿದೆ. ಏನೂ ಹೇಳದೆ ತಿರುವಿ ಹಾಕಿದೆ — ಎಡದ್ದು ಬಲಗಿವಿಗೆ, ಬಲದ್ದು ಎಡಗಿವಿಗೆ. "ಈಗ?"

"ಎಡಕ್ಕ ಇಲ್ಲ. ಹೇಳಿದ್ನಲ್ಲ."

ತಿರುವಿ ಹಾಕಿದರೂ ಅದೇ ಕಡೆ ಇಲ್ಲ ಎಂದರೆ ಪೀಸಿನ ತಪ್ಪಲ್ಲ. ಅಂಗಡಿಯಲ್ಲಿ ಇದನ್ನು ಎಷ್ಟು ಜನರಿಗೆ ನಗುತ್ತ ಹೇಳಿದ್ದೇನೆ. ಇವತ್ತು ಮಾತ್ರ "ಹೌದಪ್ಪಾ, ಡಿಫೆಕ್ಟ್ ಐತಿ" ಅಂದೆ.

ಜೂನ್ 8, ಭಾನುವಾರ

ಕಿವಿ ಪರೀಕ್ಷೆಯ ಆ್ಯಪ್ ಇಳಿಸಿಕೊಂಡೆ. ಒಂದೊಂದೇ ಕಿವಿಗೆ ಸಣ್ಣ ಸದ್ದು ಬರುತ್ತದೆ, ಕೇಳಿಸಿದರೆ ಬೆರಳೆತ್ತಬೇಕು. ಆಟ ಅಂತ ಹೇಳಿ ಕೂರಿಸಿದೆ. ಬಲಕ್ಕೆ ಅರ್ಧಕ್ಕರ್ಧ ಎತ್ತಿದ. ಎಡಕ್ಕೆ ಒಂದಕ್ಕೂ ಇಲ್ಲ. ಸುಮ್ಮನೆ ನನ್ನ ಮುಖ ನೋಡುತ್ತ ಕೂತ. "ಚಾಲೂ ಮಾಡವಾ" ಅಂದ. ಆಗಲೇ ಮುಗಿದಿತ್ತು.

ಆಮೇಲೆ ತಾನಾಗಿಯೇ ಹೇಳಿದ. ಹಳೆ ಲಾರಿಗಳಲ್ಲಿ ಎಂಜಿನ್ ಡ್ರೈವರನ ಎಡಕ್ಕೇ, ಕ್ಯಾಬಿನ್ ಒಳಗೇ. ಇಪ್ಪತ್ತೈದು ವರ್ಷ ಅದರ ಪಕ್ಕ ಕೂತದ್ದು. "ಮೂರ್ನಾಕ ವರ್ಷದಿಂದ ಆ ಕಡೆ ಬಂದ್ ಐತಿ. ನಿಮ್ಮವ್ವಗ ಹೇಳಬ್ಯಾಡ."

ಫೋನಿನ ಸೆಟ್ಟಿಂಗಿನಲ್ಲಿ ಮೋನೊ ಅಂತ ಒಂದಿದೆ, ಎಡದ ಸದ್ದನ್ನೂ ಬಲಕ್ಕೆ ಕೂಡಿಸಿ ಕೊಡುತ್ತದೆ. ಅದನ್ನು ಹಚ್ಚಿದೆ. ಇಕ್ವಲೈಜರ್‌ನಲ್ಲಿ ಬಾಸ್ ಇಳಿಸಿ, ಮಾತು ಬಿಡಿಸಿ ಕೇಳುವ ಭಾಗವನ್ನು ಏರಿಸುತ್ತ ಹೋದೆ. ಒಂದು ತಾಸು ಹಿಡಿಯಿತು. ಅವನ ಹಳೆಯ ಭೀಮಗೀತೆ ಹಾಕಿದೆ.

ಅಪ್ಪ ಕಣ್ಣು ಮುಚ್ಚಿದ. ನಡುವೆ ಹಾರ್ಮೋನಿಯಂ ಬಂತು. "ಇದರಾಗ ಪೇಟಿ ಐತಲ್ಲ. ನಾ ಮರತ ಬಿಟ್ಟಿದ್ದೆ." ಕಣ್ಣಲ್ಲಿ ನೀರು. ನನಗೂ ತಡೆಯಲಾಗಲಿಲ್ಲ. ಮಾರಿದ ಹೆಡ್‌ಫೋನಿಗೆ ಲೆಕ್ಕವಿಲ್ಲ, ಒಬ್ಬರ ಮುಖವೂ ಹೀಗಾದದ್ದು ನೋಡಿರಲಿಲ್ಲ.

ಜೂನ್ 14, ಶನಿವಾರ

ಶಾಲೆಯಿಂದ ಡ್ರೈವರ್‌ಗಳಿಗೆಲ್ಲ ಪತ್ರ. ಈ ವರ್ಷ ಫಿಟ್‌ನೆಸ್‌ಗೆ ಕಣ್ಣಿನ ಜೊತೆ ಕಿವಿಯ ಪರೀಕ್ಷೆಯೂ ಇದೆ. 28ಕ್ಕೆ.

ಅಪ್ಪ ಊಟ ಬಿಟ್ಟ. ಅವ್ವ ನೀರಿಗೆ ಹೋದಾಗ ಹತ್ತಿರ ಬಂದ. "ಆ ಟುಂಯ್ ಟುಂಯ್ ನನಗ ಕಲಸ."

ಆಗುವುದಿಲ್ಲ ಅಂದೆ. ಮಕ್ಕಳ ಬಸ್ಸು ಅದು, ಅಂದೆ. ಸಿಟ್ಟಿಗೇಳುತ್ತಾನೆ ಅಂದುಕೊಂಡಿದ್ದೆ, ಏಳಲಿಲ್ಲ. "ನಮ್ಮಪ್ಪ ಹಲಗಿ ಬಡದಾ. ಮಂದಿ ಅಂಗಳದ ಹೊರಗ ನಿಂತು ಬಡದಾ. ನನಗೂ ಅದನ್ನ ಕಲಸಿದ್ದ. ನಾ ಅದನ್ನ ಬಿಟ್ಟು ಸ್ಟೇರಿಂಗ್ ಹಿಡದೆ, ಖಾಕಿ ಹಾಕ್ಕೊಂಡೆ. ಈಗ ಎಲ್ಲಾ ಮಕ್ಕಳು ನಮಸ್ಕಾರರಿ ಅಂಕಲ್ ಅಂತಾವ. ಇನ್ನ ಎರಡ ವರ್ಷ, ತಂಗಿ. ಕಿವುಡ ಅಂತ ಇಳಸೂದು ಬ್ಯಾಡ. ನಾನಾಗೇ ಇಳಿತೇನಿ."

ಎದ್ದು ಹೋಗಿ ಪಾತ್ರೆ ತೊಳೆದೆ. ತೊಳೆದದ್ದನ್ನೇ ತೊಳೆದೆ.

ಜೂನ್ 21, ಶನಿವಾರ

ಐದು ದಿನದಿಂದ ಕಲಿಸುತ್ತಿದ್ದೇನೆ. ಮೊದಲು ಬಲ, ಆಮೇಲೆ ಎಡ, ಕ್ರಮ ಒಂದೇ. ನಾಲ್ಕು ಎಣಿಸಿ ಬೆರಳು, ಮತ್ತೆ ಐದು ಎಣಿಸಿ ಬೆರಳು. ಪರೀಕ್ಷೆ ಮಾಡುವವರ ಭುಜ ನೋಡು, ಗುಂಡಿ ಒತ್ತುವಾಗ ಅಲುಗುತ್ತದೆ. ನಡುವೆ ಒಂದೆರಡು ಬೇಕಂತಲೇ ಬಿಡು. ಅಪ್ಪ ಬೇಗ ಕಲಿತ. ಹಲಗಿ ಬಡಿದ ಕೈ — ತಾಳ ತಪ್ಪುವುದಿಲ್ಲ.

ನಾನು ಮಾಡುತ್ತಿರುವುದು ಸಹಾಯ ಅಂತ ಬರೆಯಲು ಕೂತೆ. ಬರೆದು ಹೊಡೆದುಹಾಕಿದೆ.

ಜೂನ್ 28, ಶನಿವಾರ

ಪಾಸ್. ಎರಡೂ ಕಿವಿ ನಾರ್ಮಲ್ ಅಂತ ಸಹಿ, ಮೊಹರು. ಅವ್ವ ಯಾವುದಕ್ಕೆ ಅಂತ ತಿಳಿಯದೆಯೇ ಶಿರಾ ಮಾಡಿದಳು. ಅಪ್ಪ ನನ್ನ ತಲೆ ಸವರಿದ. ನನ್ನ ಪಾಲಿನ ಶಿರಾ ಅವ್ವನ ತಟ್ಟೆಗೆ ಹಾಕಿದೆ.

ಜುಲೈ 2, ಬುಧವಾರ

ಬೆಳಿಗ್ಗೆ ಬಸ್ಸು ಹೊರಡುವುದನ್ನು ನೋಡಲು ಹೋದೆ. ಕನ್ನಡಿ ಮೂರು ಸಲ ನೋಡುತ್ತಾನೆ, ಎಡಕ್ಕೆ ಪೂರ್ತಿ ಕತ್ತು ತಿರುಗಿಸುತ್ತಾನೆ. ಹಿಂದೆ ತೆಗೆಯುವಾಗ ಆಯಾ ಶೆಟ್ಟೆವ್ವ ಕಾಕೂ ಕೆಳಗಿಳಿದು ಬಸ್ಸಿನ ಮೈ ಬಡಿಯುತ್ತಾಳೆ. ಎರಡು ಬಡಿದರೆ ಬಾ, ಒಂದು ಬಡಿದರೆ ನಿಲ್ಲು. ಎಲ್ಲ ಸರಿ ಹೋಯಿತು. ಸುಮ್ಮನೆ ಹೆದರುತ್ತೇನೆ.

ಸಂಜೆ ಅಪ್ಪ ಹೆಡ್‌ಫೋನ್ ಹಾಕಿ ಕೂತ. ಪೇಟಿ ಬಂದಾಗಲೆಲ್ಲ ನನ್ನತ್ತ ನೋಡಿ ಬೆರಳೆತ್ತುತ್ತಾನೆ. ಹಾಗೆ ಮಾಡಬೇಡ ಅಂದೆ.

ಜುಲೈ 15, ಮಂಗಳವಾರ

ಸಂಪಗಾಂವದಲ್ಲಿ. ಬೆಳಿಗ್ಗೆ ಎಂಟಕ್ಕೆ. ಮಳೆ, ಕನ್ನಡಿಯ ಮೇಲೆಲ್ಲ ನೀರು. ಅಪ್ಪ ಬಸ್ಸು ಹಿಂದೆ ತೆಗೆಯುತ್ತಿದ್ದ. ಶೆಟ್ಟೆವ್ವ ಕಾಕೂ ಹಿಂದೆ, ಎಡಕ್ಕೆ. ಕೆಸರಲ್ಲಿ ಕಾಲು ಜಾರಿ ಬಿದ್ದಳು. ಹಿಂದಿನ ಗಾಲಿ ಪಾದದ ಮೇಲೆ.

ಮಕ್ಕಳಿಗೆ ಏನೂ ಆಗಿಲ್ಲ. ಇದನ್ನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡೆನೋ.

ಅಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. "ಆಕಿ ಬಡದಿಲ್ಲ. ಬಡದಿದ್ರ ನನಗ ತಿಳಿತಿತ್ತು." ನಾನೇನೂ ಕೇಳಿರಲಿಲ್ಲ.

ಜುಲೈ 18, ಶುಕ್ರವಾರ

ಬೆಳಗಾವಿಯ ಆಸ್ಪತ್ರೆಗೆ ಹೋಗಿ ಬಂದೆ. ಪಾದದ ಮುಂಭಾಗ ಉಳಿದಿಲ್ಲ. ಕಾಕೂ ನನ್ನ ಕೈ ಹಿಡಿದುಕೊಂಡಳು.

"ಬಿದ್ದ ಕೂಡ್ಲೆ ಒಂದು ಬಡದೆ ಅನಸ್ತೈತಿ, ತಂಗಿ. ಜೋರಾಗೇ ಬಡದೆ. ಆದ್ರ ನಿಮ್ಮಪ್ಪನ ಕಿವಿ ಚೊಲೊ ಅದಾವು ಅಂತ ಮೊನ್ನೆರ ಡಾಕ್ಟರ್ ಬರದ ಕೊಟ್ಟಾರಂತ. ಸಾಲಿಯವರು ಕಾಗದ ತೋರಸಿದ್ರು. ಹಂಗಾರ ನಾನ ಬಡದಿಲ್ಲೇನೊ. ಗಾಬರ್ಯಾಗಿ ತಿಳಿಲಿಲ್ಲೇನೊ. ನಿಮ್ಮಪ್ಪಗ ಮನಸಿಗಿ ಹಚ್ಕೊಬ್ಯಾಡ ಅಂತ ಹೇಳು."

ಹೇಳುತ್ತೇನೆ ಅಂದೆ. ಅಷ್ಟೇ ಅಂದೆ. ವಾಪಸ್ ಬಸ್ಸಿನಲ್ಲಿ ಬಾಯಿಗೆ ಓಢಣಿ ಒತ್ತಿಕೊಂಡು ಕೂತೆ.

ಜುಲೈ 22, ಮಂಗಳವಾರ

ಶಾಲೆಯವರು ತೀರ್ಮಾನ ಮಾಡಿದ್ದಾರೆ. ತಪ್ಪು ಆಯಾದು, ಸೂಚನೆ ಕೊಟ್ಟಿಲ್ಲ. ಅವಳನ್ನು ಕೆಲಸದಿಂದ ತೆಗೆದಿದ್ದಾರೆ, ಚಿಕಿತ್ಸೆಯ ಜವಾಬ್ದಾರಿಯೂ ತಮ್ಮದಲ್ಲವಂತೆ. ಅಪ್ಪ ನಾಳೆಯಿಂದ ಡ್ಯೂಟಿಗೆ ಬರಬೇಕು. ಹೊಸ ಆಯಾ ಬರುತ್ತಾಳೆ. ಅವಳೂ ಬಸ್ಸಿನ ಹಿಂದೆ ನಿಲ್ಲುತ್ತಾಳೆ, ಎಡಕ್ಕೆ.

ಅಂಗಡಿಯಲ್ಲಿ ಒಬ್ಬರು ಹೆಡ್‌ಫೋನ್ ವಾಪಸ್ ತಂದರು. ಎಡಗಡೆ ಸೌಂಡ್ ಇಲ್ಲ ಅಂದರು. ತಿರುವಿ ಹಾಕಿ ನೋಡದೆಯೇ ಹೊಸದು ಕೊಟ್ಟುಬಿಟ್ಟೆ. ಗುರುನಾಥಣ್ಣ, "ಯಾಕ ಸ್ನೇಹಾ, ಆರಾಮಿಲ್ಲೇನ?" ಅಂದರು.

ಜೂನ್ 8ರ ಪರೀಕ್ಷೆ ಆ್ಯಪ್‌ನಲ್ಲಿ ಹಾಗೇ ಇದೆ. ತಾರೀಖು ಸಮೇತ. ಎರಡು ಸಲ ಅಳಿಸಲು ಹೋದೆ.

ಅಪ್ಪನ ಖಾಕಿ ಕಳೆಯುವವಳು ನಾನೇ ಆಗಬೇಕು. ಬೇರೆ ಯಾರಿಗೂ ಗೊತ್ತಿಲ್ಲ.

ಜುಲೈ 23, ಬುಧವಾರ, ಬೆಳಿಗ್ಗೆ 6.35

ಅಪ್ಪ ಕಟ್ಟೆಯ ಮೇಲೆ ಬೂಟು ಹಾಕಿಕೊಳ್ಳುತ್ತಿದ್ದಾನೆ. ಈಗಷ್ಟೇ ಹೇಳಿ ಬಂದೆ. ಪಕ್ಕದಲ್ಲಿ ನಿಂತು, ಒಂದೂ ಬಿಡದೆ. ಕಾಕೂ ಬಡಿದಿದ್ದಳು, ನಿನಗೆ ಕೇಳಿಸಲಿಲ್ಲ. ಕಲಿಸಿದವಳು ನಾನು. ಇವತ್ತು ಶಾಲೆಗೆ ಹೋಗಿ ಎಲ್ಲ ತೋರಿಸುತ್ತೇನೆ, ನೀನೂ ಬಾ.

ಅಪ್ಪ ತಲೆ ಎತ್ತಲಿಲ್ಲ. ಲೇಸು ಕಟ್ಟುತ್ತಲೇ ಇದ್ದ.

ನಾನು ನಿಂತದ್ದು ಎಡಕ್ಕೆ. ಗೊತ್ತಿದ್ದೇ ಅಲ್ಲಿ ನಿಂತೆ. ಹೇಡಿ ನಾನು.

ಇನ್ನೊಂದು ಬೂಟು ಉಳಿದಿದೆ. ಬಲಗಡೆ ಹೋಗಿ ಇನ್ನೊಮ್ಮೆ ಹೇಳಬೇಕು.